ಹಳೇ ಗೋವಾಕ್ಕೆ ಮುಕ್ಕಾಲು ಗಂಟೆ ಸಾಲದು

ಕಲಂಗುಟ್, ಪಣಜಿ ಕಡೆಯಿಂದ ಬೆಳಿಗ್ಗೆ ಹೊರಡುವ ಒಂದು ದಿನದ ಟೂರ್ ಬಸ್ಸುಗಳು ಹಳೇ ಗೋವಾಕ್ಕೆ ಕೊಡುವ ಸಮಯ ಸಾಮಾನ್ಯವಾಗಿ ಮುಕ್ಕಾಲು ಗಂಟೆ. ಬಾಮ್ ಜೀಸಸ್ ಬೆಸಿಲಿಕಾದೊಳಗೆ ಒಂದು ಸುತ್ತು, ಎದುರಿನ ಹುಲ್ಲುಹಾಸಿನಲ್ಲಿ ಗ್ರೂಪ್ ಫೋಟೊ, ರಸ್ತೆ ದಾಟಿ ಸೇ ಕೆಥೆಡ್ರಲ್‌ಗೆ ಇಣುಕಿ ವಾಪಸ್. ಆಮೇಲೆ ಮಂಗೇಶಿ, ಊಟ, ದೋನಾ ಪಾವ್ಲಾ, ಮಿರಾಮಾರ್. ಉಳಿದ ಜಾಗಗಳ ಮಟ್ಟಿಗೆ ಆ ಟಿಕೆಟ್ಟಿನ ದುಡ್ಡಿಗೆ ಮೋಸವಿಲ್ಲ. ಹಳೇ ಗೋವಾದ ಮಟ್ಟಿಗೆ ಮಾತ್ರ ಅದು ಕೊಳ್ಳಬಾರದ ಸರಕು. ಆ ಮುಕ್ಕಾಲು ಗಂಟೆಯಲ್ಲಿ ಕೈತಪ್ಪಿಹೋಗುವುದೆಲ್ಲ ಕನ್ನಡದವರಿಗೆ ತೀರಾ ಹತ್ತಿರದ್ದು: ಕದಂಬರ ಕಾಲದ ವೀರಗಲ್ಲುಗಳು, ವಿಜಯಪುರದ ಆದಿಲ್‌ಶಾಹಿಗಳು ಇಲ್ಲಿ ಕಟ್ಟಿದ್ದ ಅರಮನೆಯಲ್ಲಿ ಉಳಿದ ಒಂದು ಬಾಗಿಲು, ಖಾನಾಪುರದ ಕಾಡಿನಿಂದ ಇಳಿದು ಬಂದ ಮಹದಾಯಿಯ ದಡ. ಇಲ್ಲಿಗೆ ಕನಿಷ್ಠ ನಾಲ್ಕು ಗಂಟೆ ಇಟ್ಟುಕೊಳ್ಳಿ. ದಿವಾರ್ ದ್ವೀಪವನ್ನೂ ಸೇರಿಸಿಕೊಂಡರೆ ಒಂದು ಇಡೀ ದಿನ.

ಮೊದಲು ಹೆಸರಿನ ಗೊಂದಲ ಬಗೆಹರಿಸಿಕೊಳ್ಳಬೇಕು. ಗೋವಾದಲ್ಲಿ ‘ವೆಲ್ಹಾ ಗೋವಾ’ ಬೇರೆ, ‘ಗೋವಾ ವೆಲ್ಹಾ’ ಬೇರೆ. ಪೋರ್ಚುಗೀಸಿನಲ್ಲಿ ಎರಡಕ್ಕೂ ಅರ್ಥ ಹಳೆಯ ಗೋವಾ ಎಂದೇ. ಇಗರ್ಜಿಗಳು, ಅಂದರೆ ಚರ್ಚುಗಳು, ಇರುವುದು, 1986ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ವೆಲ್ಹಾ ಗೋವಾ. ಪೋರ್ಚುಗೀಸರು ಬರುವ ಮುಂಚೆ ಈ ಜಾಗಕ್ಕೆ ಎಲಾ ಎಂದು ಹೆಸರಿತ್ತು. ಗೋವಾ ವೆಲ್ಹಾ ಇರುವುದು ಪಣಜಿಯಿಂದ ಮಡಗಾಂವ್‌ಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ಪಿಲಾರ್ ಹತ್ತಿರ. ಗೋವಾ ಕದಂಬರ ಬಂದರು ರಾಜಧಾನಿ ಗೋಪಕಪಟ್ಟಣ ಇದ್ದದ್ದು ಅಲ್ಲೇ. ಫೋನಿನ ಮ್ಯಾಪಿನಲ್ಲಿ ಹೆಸರು ಹಿಂದುಮುಂದಾಗಿ ಹೊಡೆದು ಅಲ್ಲಿ ಹೋಗಿ ನಿಲ್ಲುವವರು ಇದ್ದಾರೆ. ಟ್ಯಾಕ್ಸಿಯವರಿಗೆ, ಕಂಡಕ್ಟರಿಗೆ ‘ಓಲ್ಡ್ ಗೋವಾ’ ಎಂದೇ ಹೇಳಿ, ಗೊಂದಲವಾಗುವುದಿಲ್ಲ.

ಪಣಜಿಯಿಂದ ಇಲ್ಲಿಗೆ ಹತ್ತು ಕಿಲೋಮೀಟರ್ ಆಸುಪಾಸು. ಪಣಜಿಯ ಕದಂಬ ಬಸ್ ಸ್ಟ್ಯಾಂಡಿನಿಂದ ಓಲ್ಡ್ ಗೋವಾಕ್ಕೂ ಫೋಂಡಾಕ್ಕೂ ಬಸ್ಸುಗಳು ಒಂದರ ಹಿಂದೆ ಒಂದು ಹೊರಡುತ್ತವೆ. ಫೋಂಡಾ ಬಸ್ಸಾದರೂ ನಡೆಯುತ್ತದೆ, ಗಾಂಧಿ ಸರ್ಕಲ್‌ನಲ್ಲಿ ಇಳಿಯಬೇಕು. ಗೋವಾ ಸರ್ಕಾರದ ಸಾರಿಗೆ ನಿಗಮದ ಹೆಸರೇ ‘ಕದಂಬ’. ನಮ್ಮ ಬನವಾಸಿಯ ವಂಶದ ಹೆಸರು ಹೊತ್ತ ಬಸ್ಸಿನಲ್ಲಿ ಕೂತು ಅದೇ ಹೆಸರಿನ ಇನ್ನೊಂದು ಮನೆತನ ಆಳಿದ ನೆಲ ನೋಡಲು ಹೋಗುತ್ತೇವೆ. ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ಅನಮೋಡ–ಮೊಲ್ಲೆಂ–ಫೋಂಡಾ ದಾರಿಯಲ್ಲಿ ಬರುವವರು ಪಣಜಿ ತನಕ ಹೋಗಿ ಹಿಂದೆ ಬರುವ ಅಗತ್ಯವಿಲ್ಲ. ಆ ರಸ್ತೆಯಲ್ಲಿ ಓಲ್ಡ್ ಗೋವಾ ಪಣಜಿಗಿಂತ ಮೊದಲೇ ಸಿಗುತ್ತದೆ. ಚೋರ್ಲಾ ಘಾಟಿನ ಬಸ್ಸಾದರೆ ಈ ಕಡೆ ಬರದೆಯೂ ಇರಬಹುದು, ಹತ್ತುವ ಮುಂಚೆ ಕೇಳಿಕೊಳ್ಳಿ. ರೈಲಿನವರಿಗೆ ಹತ್ತಿರದ್ದು ಕೊಂಕಣ ರೈಲ್ವೆಯ ಕರಮಳಿ ನಿಲ್ದಾಣ, ಇಗರ್ಜಿಗಳಿಂದ ಎರಡು–ಮೂರು ಕಿಲೋಮೀಟರ್. ಎಲ್ಲ ಗಾಡಿಗಳೂ ಅಲ್ಲಿ ನಿಲ್ಲುವುದಿಲ್ಲ. ಕ್ಯಾಸಲ್ ರಾಕ್ ಮೇಲಿಂದ ಇಳಿದು ವಾಸ್ಕೊಗೆ ಹೋಗುವ ಗಾಡಿಗಳಿಗೆ ಕರಮಳಿ ದಾರಿಯಲ್ಲೇ ಇಲ್ಲ, ಮಡಗಾಂವ್‌ನಲ್ಲಿ ಇಳಿದು ಬೇರೆ ಗಾಡಿಯೋ ಬಸ್ಸೋ ಹಿಡಿಯಬೇಕು.

ದಿನ ಆರಿಸುವಾಗ ವಾರದಲ್ಲಿ ಎರಡು ದಿನ ತಪ್ಪಿಸಿ. ಶುಕ್ರವಾರ ಪುರಾತತ್ವ ಸರ್ವೇಕ್ಷಣೆಯ ಮ್ಯೂಸಿಯಂಗೆ ರಜೆ, ಅದನ್ನು ಬಿಟ್ಟು ಹಳೇ ಗೋವಾ ನೋಡಿದರೆ ಅರ್ಧ ನೋಡಿದಂತೆ. ಭಾನುವಾರ ಬೆಳಿಗ್ಗೆ ಪೂಜೆ ನಡೆಯುತ್ತಿರುತ್ತದೆ, ಪ್ರವಾಸಿಗರನ್ನು ತಡವಾಗಿ ಒಳಗೆ ಬಿಡುತ್ತಾರೆ. ಬಾಮ್ ಜೀಸಸ್, ಸೇ ಕೆಥೆಡ್ರಲ್ ಸ್ಮಾರಕಗಳಾದರೂ ಬಾಗಿಲು ಮುಚ್ಚಿದ ದೇವಾಲಯಗಳಲ್ಲ, ದಿನವೂ ಪ್ರಾರ್ಥನೆ ನಡೆಯುವ ಇಗರ್ಜಿಗಳು. ಚಡ್ಡಿ, ತೋಳಿಲ್ಲದ ಅಂಗಿ ಹಾಕಿಕೊಂಡು ಬೀಚಿನಿಂದ ನೇರ ಬಂದವರನ್ನು ಬಾಗಿಲಲ್ಲೇ ತಡೆಯುತ್ತಾರೆ. ಬ್ಯಾಗಿನಲ್ಲಿ ಒಂದು ಲುಂಗಿಯೋ ದುಪಟ್ಟಾವೋ ಇದ್ದರೆ ಸಾಕು. ಒಳಗೆ ಫೋಟೊ ತೆಗೆಯಬಹುದು, ಬಲಿಪೀಠದ ಮುಂದೆ ಪೋಸು ಕೊಟ್ಟು ನಿಲ್ಲುವುದಕ್ಕೆ ಮಾತ್ರ ಬಿಡುವುದಿಲ್ಲ.

ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಬಾಮ್ ಜೀಸಸ್‌ನಿಂದ ಶುರು ಮಾಡುವುದು ಒಳ್ಳೆಯದು, ಹತ್ತೂವರೆಯ ಹೊತ್ತಿಗೆ ಟೂರ್ ಬಸ್ಸುಗಳು ಒಟ್ಟಿಗೆ ಬಂದು ಬೀಳುತ್ತವೆ. 1594ರಲ್ಲಿ ಕಟ್ಟಲು ಹಿಡಿದು 1605ರಲ್ಲಿ ಪ್ರತಿಷ್ಠೆಯಾದ, ಜೆಸುಯಿಟ್ ಪಂಥದ ಪಾದ್ರಿಗಳ ಇಗರ್ಜಿ ಇದು. ಒಳಗೆ ನುಗ್ಗುವ ಮುಂಚೆ ಹೊರಗೋಡೆಯ ಹತ್ತಿರ ಎರಡು ನಿಮಿಷ ನಿಂತು ಕಲ್ಲನ್ನು ನೋಡಿ. ಗೋವಾದ ಬೇರೆಲ್ಲ ಇಗರ್ಜಿಗಳು ಸುಣ್ಣದ ಬಿಳುಪಿನಲ್ಲಿ ಹೊಳೆಯುತ್ತಿದ್ದರೆ ಇದೊಂದು ಮಾತ್ರ ಕೆಂಪಗೆ, ಬೋಳಾಗಿ ನಿಂತಿದೆ. ಕಟ್ಟಿದವರು ಹೀಗೆ ಬಿಟ್ಟಿರಲಿಲ್ಲ. ಮೊದಲು ಇದಕ್ಕೂ ಗಾರೆಯ ಹೊದಿಕೆ ಇತ್ತು. 1950ರ ದಶಕದಲ್ಲಿ ಪೋರ್ಚುಗೀಸ್ ಆಡಳಿತದ ವಾಸ್ತುಶಿಲ್ಪಿಯೊಬ್ಬರು ಕಟ್ಟಡಕ್ಕೆ ಹಳೆಯ ಕಳೆ ಬರಲಿ ಎಂದು ಅದನ್ನು ಕೆತ್ತಿಸಿ ತೆಗೆಸಿದರು. ಇವತ್ತು ಫೋಟೊಗಳಲ್ಲಿ ಎಲ್ಲರೂ ಮೆಚ್ಚುವ ಆ ಕೆಂಪು ಬಣ್ಣ ಎಪ್ಪತ್ತು ವರ್ಷದಷ್ಟು ಈಚಿನದು.

ಅದರಿಂದ ಆದ ತೊಂದರೆ ಕರಾವಳಿಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಇದು ಜಂಬಿಟ್ಟಿಗೆ, ಮಂಗಳೂರಿನ ಮುರಕಲ್ಲು, ಕಾರವಾರ–ಕುಮಟಾದ ಚಿರೆಕಲ್ಲು. ನೆಲದಿಂದ ಕಡಿದು ತೆಗೆಯುವಾಗ ಮೆತ್ತಗಿದ್ದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು. ಮೈತುಂಬ ತೂತು, ನೀರು ಕುಡಿಯುತ್ತದೆ. ಮಳೆಗಾಲ ನಾಲ್ಕು ತಿಂಗಳು ಬಡಿಯುವ ಊರಿನಲ್ಲಿ ಗಾರೆಯಿಲ್ಲದ ಚಿರೆಕಲ್ಲಿನ ಗೋಡೆ ವರ್ಷವರ್ಷವೂ ಅಷ್ಟಷ್ಟು ಸವೆಯುತ್ತದೆ. ಬದಿಯ ಗೋಡೆಯಲ್ಲಿ ಕಲ್ಲಿನ ಅಂಚುಗಳು ಉರುಟಾಗಿ, ಸಂದುಗಳು ಒಳಕ್ಕೆ ಸರಿದಿರುವುದು ಬರಿಗಣ್ಣಿಗೆ ಕಾಣುತ್ತದೆ. ಮುಂಭಾಗದ ಕಂಬ, ಕಟ್ಟುಪಟ್ಟಿ, ಕೆತ್ತನೆಗಳಿಗೆ ಬಳಸಿದ್ದು ಮುಂಬೈ ಹತ್ತಿರದ ವಸಯಿಯಿಂದ ಹಡಗಿನಲ್ಲಿ ತಂದ ಬೂದುಗಪ್ಪು ಬಸಾಲ್ಟು. ಅದರ ಅಂಚು ಇನ್ನೂ ಚೂಪಾಗಿದೆ. ಎರಡೂ ಕಲ್ಲು ಪಕ್ಕಪಕ್ಕದಲ್ಲೇ ಇವೆ. ಒಂದೇ ಮಳೆ ಎರಡರ ಮೇಲೂ ಮಾಡಿದ್ದನ್ನು ಇಲ್ಲಿ ಹೋಲಿಸಿ ನೋಡಬಹುದು. ಗಾರೆ ಮತ್ತೆ ಹಚ್ಚಬೇಕು ಎಂಬ ಒತ್ತಾಯ ಸರಿಯಾದದ್ದೇ, ಫೋಟೊ ಚಂದಕ್ಕಿಂತ ಗೋಡೆ ಉಳಿಯುವುದು ದೊಡ್ಡದು.

ಒಳಗೆ ಬಲಗಡೆಯ ಉಪಾಲಯದಲ್ಲಿ ಎತ್ತರದ ಪೀಠದ ಮೇಲೆ ಸಂತ ಫ್ರಾನ್ಸಿಸ್ ಝೇವಿಯರ್ ಅವರ ಶರೀರವಿರುವ ಬೆಳ್ಳಿಯ ಪೆಟ್ಟಿಗೆ. ಅವರು ಗೋವಾಕ್ಕೆ ಬಂದದ್ದು 1542ರಲ್ಲಿ, ತೀರಿಕೊಂಡದ್ದು 1552ರ ಡಿಸೆಂಬರ್ 3ರಂದು ಚೀನಾ ಕರಾವಳಿಯ ಒಂದು ದ್ವೀಪದಲ್ಲಿ. ಅಲ್ಲಿ ಹೂಳಿದ್ದ ಶರೀರವನ್ನು ಮಲಕ್ಕಾಕ್ಕೆ, ಅಲ್ಲಿಂದ 1554ರಲ್ಲಿ ಗೋವಾಕ್ಕೆ ತಂದರು. ಬೆಳ್ಳಿ ಪೆಟ್ಟಿಗೆ 1630ರ ದಶಕದಲ್ಲಿ ಗೋವಾದ ಅಕ್ಕಸಾಲಿಗರೇ ಮಾಡಿದ್ದು. ಕೆಳಗಿನ ಅಮೃತಶಿಲೆಯ ಪೀಠ ಇಟಲಿಯದು. ಟಸ್ಕನಿಯ ದೊರೆ ಮೂರನೆಯ ಕೊಸಿಮೊ ಕಾಣಿಕೆಯಾಗಿ ಕಳಿಸಿದ್ದು, ಫ್ಲಾರೆನ್ಸಿನ ಶಿಲ್ಪಿ ಫೊಗ್ಗಿನಿಯ ಕೆಲಸ, 1698ರಲ್ಲಿ ಇಲ್ಲಿ ಜೋಡಿಸಿದರು. ಜನ ತಲೆಯೆತ್ತಿ ಪೆಟ್ಟಿಗೆ ನೋಡಿ ಮುಂದೆ ಹೋಗುತ್ತಾರೆ. ಪೀಠದ ನಾಲ್ಕು ಮೈಯಲ್ಲೂ ಝೇವಿಯರ್ ಬದುಕಿನ ಘಟನೆಗಳ ಕಂಚಿನ ಉಬ್ಬುಫಲಕಗಳಿವೆ, ಅವನ್ನೂ ಸುತ್ತು ಹಾಕಿ ನೋಡಿ. ಪೆಟ್ಟಿಗೆ ಎತ್ತರದಲ್ಲಿರುವುದರಿಂದ ಶರೀರ ಸ್ಪಷ್ಟವಾಗಿ ಕಾಣುತ್ತದೆಂಬ ನಿರೀಕ್ಷೆ ಬೇಡ. ಹತ್ತಿರದ ದರ್ಶನ ಹತ್ತು ವರ್ಷಕ್ಕೊಮ್ಮೆ ಮಾತ್ರ, ಆಗ ಶರೀರವನ್ನು ಸೇ ಕೆಥೆಡ್ರಲ್‌ಗೆ ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಕಳೆದ ದರ್ಶನ 2024ರ ನವೆಂಬರ್ 21ರಿಂದ 2025ರ ಜನವರಿ 5ರವರೆಗೆ ನಡೆಯಿತು. ವರ್ಷವರ್ಷದ ಹಬ್ಬ ಡಿಸೆಂಬರ್ 3. ಅದಕ್ಕೆ ಮುಂಚಿನ ಒಂಬತ್ತು ದಿನವೂ ಇಲ್ಲಿ ಜಾತ್ರೆಯೇ. ಬರಿ ಕಟ್ಟಡ ನೋಡುವವರು ಆ ದಿನಗಳಲ್ಲಿ ಬರಬಾರದು. ಜಾತ್ರೆಯ ಖಾಜೆ, ಅಂದರೆ ಬೆಲ್ಲ, ಶುಂಠಿ, ಎಳ್ಳು ಹಚ್ಚಿದ ಕಡಲೆಹಿಟ್ಟಿನ ಕಡ್ಡಿ, ತಿನ್ನಬೇಕೆನಿಸಿದರೆ ಬರಬಹುದು.

ಹೊರಗೆ ಮೇಣದಬತ್ತಿ ಮಾರುವವರ ಗುಂಪು ಇರುತ್ತದೆ. ಬತ್ತಿಯ ಜೊತೆಗೆ ಮೇಣದಲ್ಲಿ ಎರಕ ಹೊಯ್ದ ಕೈ, ಕಾಲು, ಕಣ್ಣು, ಮಗು, ಮನೆಗಳೂ ಬುಟ್ಟಿಯಲ್ಲಿರುತ್ತವೆ. ಯಾವ ಅಂಗಕ್ಕೆ ಕಾಯಿಲೆಯೋ ಅದರ ರೂಪವನ್ನು ಹರಕೆ ಒಪ್ಪಿಸುವುದು. ನಮ್ಮ ದೇವಸ್ಥಾನಗಳಲ್ಲಿ ಬೆಳ್ಳಿಯ ಕಣ್ಣು, ಕೈ ಹಾಕುವ ಪದ್ಧತಿಯೇ. ಬೇಡವೆಂದರೆ ‘ಬೇಡ’ ಎಂದು ಒಂದೇ ಸಲ ಗಟ್ಟಿಯಾಗಿ ಹೇಳಿ ನಡೆಯಿರಿ, ಬೆಲೆ ಕೇಳಿ ನಿಂತರೆ ಬಿಡುವುದಿಲ್ಲ.

ರಸ್ತೆ ದಾಟಿದರೆ ಸೇ ಕೆಥೆಡ್ರಲ್. 1562ರಲ್ಲಿ ಶುರುವಾಗಿ ಕಟ್ಟಡ ಮುಗಿದದ್ದು 1619ರಲ್ಲಿ, ಬಲಿಪೀಠಗಳ ಕೆಲಸ ಅದರಾಚೆಗೂ ನಡೆಯಿತು. ಎಡಬಲ ಎರಡು ಗೋಪುರ ಇರಬೇಕಾದಲ್ಲಿ ಒಂದೇ ಇದೆ, ಇನ್ನೊಂದು 1776ರಲ್ಲಿ ಬಿದ್ದುಹೋಯಿತು, ಮತ್ತೆ ಕಟ್ಟಲಿಲ್ಲ. ಉಳಿದ ಗೋಪುರದಲ್ಲಿ ‘ಚಿನ್ನದ ಗಂಟೆ’ ಎಂದು ಹೆಸರಾದ ದೊಡ್ಡ ಗಂಟೆ ಇದೆ, ಆ ಹೆಸರು ಅದರ ನಾದಕ್ಕೆ ಬಂದದ್ದು. ಇಗರ್ಜಿ ಸಂತ ಕೆಥರೀನ್ ಹೆಸರಿನಲ್ಲಿದೆ, ಕಾರಣ 1510ರ ನವೆಂಬರ್ 25, ಆಕೆಯ ಹಬ್ಬದ ದಿನ, ಪೋರ್ಚುಗೀಸ್ ಗವರ್ನರ್ ಅಲ್ಬುಕರ್ಕ್ ಈ ಊರನ್ನು ಆದಿಲ್‌ಶಾಹಿಗಳಿಂದ ಗೆದ್ದದ್ದು. ಫೋಟೊ ತೆಗೆಯುವವರಿಗೆ ಒಂದು ಮಾತು. ಸೇ ಕೆಥೆಡ್ರಲ್ ಪೂರ್ವಕ್ಕೆ ಮುಖ ಮಾಡಿದೆ, ಅದರ ಬೆನ್ನಿಗಿರುವ ಸೇಂಟ್ ಫ್ರಾನ್ಸಿಸ್ ಆಫ್ ಅಸಿಸಿ ಇಗರ್ಜಿ ಪಶ್ಚಿಮಕ್ಕೆ. ಮೊದಲನೆಯದಕ್ಕೆ ಬೆಳಗಿನ ಬಿಸಿಲು ಬೇಕು, ಎರಡನೆಯದಕ್ಕೆ ಸಂಜೆಯದು.

ಈ ಎರಡರಲ್ಲಿ ಕೆಥೆಡ್ರಲ್ ಗಾತ್ರದಿಂದ ದೊಡ್ಡದು, ಅಸಿಸಿ ಕೆಲಸದಿಂದ. ಈಗಿನ ಕಟ್ಟಡ 1661ರದು, ಬಾಗಿಲಿನ ಕಮಾನನ್ನು ಮಾತ್ರ ಮುಂಚಿನ ಇಗರ್ಜಿಯಿಂದ ಹಾಗೇ ಉಳಿಸಿಕೊಂಡಿದ್ದಾರೆ. ಒಳಗೆ ಕಾಲಡಿ ನೋಡಿಕೊಂಡು ನಡೆಯಿರಿ. ನೆಲಕ್ಕೆ ಹಾಸಿದ್ದು ಸಮಾಧಿಯ ಚಪ್ಪಡಿಗಳು, ಒಂದೊಂದರ ಮೇಲೂ ಒಂದೊಂದು ಮನೆತನದ ಲಾಂಛನ.

ಇದರ ಪಕ್ಕದ ಮಠದ ಕಟ್ಟಡದಲ್ಲೇ ಪುರಾತತ್ವ ಮ್ಯೂಸಿಯಂ. ಇಡೀ ಹಳೇ ಗೋವಾದಲ್ಲಿ ಕನ್ನಡದವರು ಹೆಚ್ಚು ಹೊತ್ತು ಕಳೆಯಬೇಕಾದ ಜಾಗ ಇದೇ, ಎಲ್ಲಕ್ಕಿಂತ ಕಡಿಮೆ ಜನ ಇರುವುದೂ ಇಲ್ಲೇ. ಮಹಡಿಯ ಮೇಲೆ ಪೋರ್ಚುಗೀಸ್ ಗವರ್ನರುಗಳ, ವೈಸರಾಯಿಗಳ ಸಾಲುಸಾಲು ಚಿತ್ರಗಳಿವೆ, ಅವನ್ನು ಬೇಗ ನೋಡಿ ಮುಗಿಸಬಹುದು. ಸಮಯ ಕೊಡಬೇಕಾದದ್ದು ವೀರಗಲ್ಲು, ಸತಿಗಲ್ಲು, ದೇವರ ವಿಗ್ರಹಗಳಿಗೆ. ವೀರಗಲ್ಲು ಓದುವ ಕ್ರಮ ನಮಗೆ ಗೊತ್ತಿರುವುದೇ. ಕೆಳಗಿನ ಪಟ್ಟಿಯಲ್ಲಿ ವೀರ ಸತ್ತ ಕಾಳಗ, ಮೇಲಿನದರಲ್ಲಿ ಅಪ್ಸರೆಯರು ಅವನನ್ನು ಒಯ್ಯುವುದು, ತುದಿಯಲ್ಲಿ ಕೈಲಾಸ, ಲಿಂಗಪೂಜೆ, ಸೂರ್ಯಚಂದ್ರ. ಬಳ್ಳಿಗಾವಿಯಲ್ಲೋ ಹಾನಗಲ್ಲಿನಲ್ಲೋ ಕೆಳಗಿನ ಪಟ್ಟಿಯಲ್ಲಿ ಕುದುರೆ, ಬಿಲ್ಲು, ತುರು ಇರುತ್ತವೆ. ಗೋವಾ ಕದಂಬರ ಕಾಲದ ಕೆಲವು ಕಲ್ಲುಗಳಲ್ಲಿ ಅದೇ ಜಾಗದಲ್ಲಿ ಹಡಗು ಇದೆ. ಹುಟ್ಟು ಹಾಕುವವರು ಸಾಲಾಗಿ ಕೂತಿದ್ದಾರೆ, ಕಾಳಗ ನೀರಿನ ಮೇಲೆ ನಡೆದಿದೆ. ಒಳನಾಡಿನ ಶಿಲ್ಪಪದ್ಧತಿ ಸಮುದ್ರಕ್ಕೆ ಇಳಿದದ್ದನ್ನು ಹೀಗೆ ಒಂದೇ ಕಲ್ಲಿನಲ್ಲಿ ನೋಡಲು ಸಿಗುವುದು ಅಪರೂಪ. ಇಷ್ಟು ಒಳ್ಳೆಯ ಸಂಗ್ರಹಕ್ಕೆ ಫಲಕಗಳ ವಿವರಣೆ ಸಾಲದು. ಪಟ್ಟಿಗಳನ್ನು ಕೆಳಗಿಂದ ಮೇಲಕ್ಕೆ ಓದಬೇಕು ಎಂಬ ಒಂದು ಸಾಲನ್ನಾದರೂ ದೊಡ್ಡದಾಗಿ ಬರೆದು ಹಾಕಿದರೆ ಬರುವವರಿಗೆಲ್ಲ ಕಲ್ಲು ಮಾತಾಡುತ್ತಿತ್ತು.

ಮ್ಯೂಸಿಯಂನಿಂದ ಹೊರಬಿದ್ದು ನದಿಯ ಕಡೆಗೆ ನಡೆದರೆ ಸೇಂಟ್ ಕೆಜೆಟನ್ ಇಗರ್ಜಿ ಸಿಗುತ್ತದೆ. ರೋಮಿನ ಸೇಂಟ್ ಪೀಟರ್ಸ್ ಮಾದರಿಯಲ್ಲಿ 17ನೇ ಶತಮಾನದಲ್ಲಿ ಕಟ್ಟಿದ್ದು, ಒಳಗಿನ ಗುಮ್ಮಟದ ಕೆಳಗೆ ಒಂದು ಬಾವಿಯಿದೆ. ಇಗರ್ಜಿಗಿಂತ ಅದರ ಮುಂದಿನ ಅಂಗಳದಲ್ಲಿ ಒಂಟಿಯಾಗಿ ನಿಂತ ಒಂದು ಬಾಗಿಲು ಮುಖ್ಯ. ಕೆಲವು ಮೆಟ್ಟಿಲು, ಎರಡು ನಿಲುವುಗಂಬ, ಮೇಲೊಂದು ಅಡ್ಡತೊಲೆ, ಅಷ್ಟೇ. ಗೋಡೆಯಿಲ್ಲ, ಮಾಡಿಲ್ಲ. ಆದಿಲ್ ಶಾಹನ ಅರಮನೆಯಲ್ಲಿ ಉಳಿದದ್ದು ಇಷ್ಟು. ಹತ್ತಿರ ಹೋಗಿ ಕಂಬಗಳನ್ನು ನೋಡಿ. ಕರಿ ಬಸಾಲ್ಟಿನ ಮೇಲೆ ಪಟ್ಟಿಪಟ್ಟಿಯಾಗಿ ಸಣ್ಣ ಕೆತ್ತನೆ, ಪಕ್ಕದಲ್ಲಿ ಜಾಲಂಧ್ರದ, ಅಂದರೆ ತೂತುತೂತಾಗಿ ಕೊರೆದ ಕಲ್ಲುಕಿಟಕಿಯ, ತುಂಡು. ಕೆತ್ತನೆಯ ಕೈ ಯಾವುದೋ ದೇಗುಲದ್ದು ಎಂದು ನೋಡಿದ ಕೂಡಲೇ ಗೊತ್ತಾಗುತ್ತದೆ. ದೇಗುಲದ ಕಲ್ಲು ಸುಲ್ತಾನನ ಬಾಗಿಲಾಗಿ, ಅದೇ ಅರಮನೆ 1554ರಿಂದ 1695ರವರೆಗೆ ಪೋರ್ಚುಗೀಸ್ ಗವರ್ನರುಗಳ ಮನೆಯಾಗಿ, ಕೊನೆಗೆ 1820ರಲ್ಲಿ ಕೆಡವಿದ ಮೇಲೆ ಇಗರ್ಜಿಯ ಅಂಗಳದಲ್ಲಿ ನಿಂತಿದೆ. ಟೂರ್ ಬಸ್ಸಿನವರು ಇಲ್ಲಿಗೆ ಕರೆತರುವುದೇ ಇಲ್ಲ.

ಇಲ್ಲಿಂದ ದಡಕ್ಕೆ ಇಳಿಯುವ ರಸ್ತೆಗೆ ಅಡ್ಡಲಾಗಿ ವೈಸರಾಯ್ ಕಮಾನು. ವಾಸ್ಕೊ ಡ ಗಾಮನ ಮರಿಮಗ ಫ್ರಾನ್ಸಿಸ್ಕೊ ಡ ಗಾಮ ವೈಸರಾಯ್ ಆಗಿದ್ದಾಗ, 1590ರ ದಶಕದ ಕೊನೆಯಲ್ಲಿ, ಮುತ್ತಜ್ಜನ ನೆನಪಿಗೆ ಕಟ್ಟಿಸಿದ್ದು. ಈಗಿರುವುದು ಕುಸಿದ ಮೇಲೆ 1954ರಲ್ಲಿ ಮತ್ತೆ ಎತ್ತಿದ್ದು. ನದಿ ಕಡೆಯ ಮುಖದಲ್ಲಿ ವಾಸ್ಕೊನ ಪ್ರತಿಮೆ. ಹೊಸ ವೈಸರಾಯಿಗಳು ಹಡಗಿನಿಂದ ಇಳಿದು ಊರೊಳಗೆ ಬರುತ್ತಿದ್ದದ್ದು ಇದರ ಕೆಳಗಿನಿಂದ. ಬಹಳ ಜನ ಅದನ್ನು ನೋಡಿ ತಿರುಗುತ್ತಾರೆ. ಊರಿನ ಕಡೆಯ ಮುಖಕ್ಕೂ ಹೋಗಿ ನೋಡಿ. ಅಲ್ಲಿ ಕೈಯಲ್ಲಿ ಖಡ್ಗ ಹಿಡಿದ ಯುರೋಪಿಯನ್ ಹೆಂಗಸಿನ ಪ್ರತಿಮೆ, ಅವಳ ಕಾಲಡಿಯಲ್ಲಿ ಬಿದ್ದಿರುವವನು ಈ ನೆಲದ ಮನುಷ್ಯ. ಆಳಿದವರು ತಮ್ಮನ್ನೂ ನಮ್ಮನ್ನೂ ಹೇಗೆ ಕಂಡರು ಎಂಬುದಕ್ಕೆ ಬೇರೆ ಫಲಕ ಬೇಡ.

1510ರ ಕತೆಯಲ್ಲಿ ಒಬ್ಬ ಕನ್ನಡ ಕರಾವಳಿಯವನೂ ಇದ್ದಾನೆ. ಹೊನ್ನಾವರದ ನೌಕಾನಾಯಕ ತಿಮ್ಮೋಜ. ಬೇರೆ ಕಡೆಗೆ ಹೊರಟಿದ್ದ ಅಲ್ಬುಕರ್ಕನನ್ನು ಗೋವಾದ ಮೇಲೆ ತಿರುಗಿಸಿದವನು ಅವನೇ, ಜೊತೆಗೆ ತನ್ನ ಹಡಗು, ಜನವನ್ನೂ ಕೊಟ್ಟ. ವಿಜಯನಗರಕ್ಕೆ ಬೇಕಾಗಿದ್ದ ಅರಬ್ಬೀ ಕುದುರೆಗಳು ಇಳಿಯುತ್ತಿದ್ದ ಬಂದರು ಇದು. 1470ರ ದಶಕದಲ್ಲಿ ಬಹಮನಿಗಳು, ಅವರಿಂದ ಆದಿಲ್‌ಶಾಹಿಗಳು ಇದನ್ನು ಹಿಡಿದಿದ್ದರು. ಆ ವರ್ಷ ಮೊದಲು ಸುಲಭಕ್ಕೆ ಸಿಕ್ಕ ಊರನ್ನು ಆದಿಲ್‌ಶಾಹಿ ಸೈನ್ಯ ಮೇ ತಿಂಗಳಲ್ಲಿ ವಾಪಸ್ ಪಡೆಯಿತು, ನವೆಂಬರಿನಲ್ಲಿ ಅಲ್ಬುಕರ್ಕ್ ಮತ್ತೆ ಗೆದ್ದ. ಆಮೇಲೆ ಗೋವಾದಲ್ಲಿ ಪೋರ್ಚುಗೀಸರ ಆಳ್ವಿಕೆ ಮುಗಿದದ್ದು 1961ರ ಡಿಸೆಂಬರ್ 19ರಂದು. ಕಲ್ಲಿಕೋಟೆ, ಮಂಗಳೂರು ಎಲ್ಲೂ ಇಷ್ಟು ದೀರ್ಘ ವಸಾಹತು ಇರಲಿಲ್ಲ.

ಕಮಾನಿನಿಂದ ಕೆಲವೇ ಹೆಜ್ಜೆಗೆ ಫೆರ್ರಿ ಕಟ್ಟೆ. ಇಡೀ ದಿನದ ಅತ್ಯುತ್ತಮ ಸೇವೆ ಯಾವುದೆಂದರೆ ಈ ಫೆರ್ರಿಯೇ. ಗೋವಾ ಸರ್ಕಾರದ ನದಿ ಸಾರಿಗೆ ಇಲಾಖೆ ನಡೆಸುತ್ತದೆ, ನಡೆದು ಹತ್ತುವವರಿಗೆ ದುಡ್ಡಿಲ್ಲ. ದಿವಾರ್ ದ್ವೀಪಕ್ಕೆ ಸೇತುವೆ ಇಲ್ಲದ್ದರಿಂದ ಊರವರ ದಿನಬಳಕೆಯ ದಾರಿಯೂ ಇದೇ. ಚಪ್ಪಟೆ ಕಬ್ಬಿಣದ ದೋಣಿ ಬಂದು ಕಾಂಕ್ರೀಟಿನ ಇಳಿಜಾರಿಗೆ ಮೂತಿ ಒತ್ತಿ ನಿಲ್ಲುತ್ತದೆ, ಹಲಗೆ ಬೀಳುತ್ತದೆ. ಮೊದಲು ಬೈಕು, ಕಾರು ಇಳಿಯಲಿ, ನೀವು ಬದಿಗೆ ನಿಂತಿರಿ. ಇಳಿತದ ಹೊತ್ತಿನಲ್ಲಿ ಇಳಿಜಾರಿನ ಕೆಳತುದಿ ಪಾಚಿಗಟ್ಟಿ ಜಾರುತ್ತದೆ, ನಯವಾದ ಅಟ್ಟೆಯ ಚಪ್ಪಲಿ ಹಾಕಿದ್ದರೆ ಜೋಪಾನ. ಬಾಡಿಗೆ ಸ್ಕೂಟರಿನಲ್ಲಿ ಬರುವುದಾದರೆ ಕಪ್ಪು ನಂಬರ್ ಪ್ಲೇಟಿನ ಮೇಲೆ ಹಳದಿ ಅಕ್ಷರ ಇರುವ ಗಾಡಿಯನ್ನೇ ತೆಗೆದುಕೊಳ್ಳಿ, ಅದೇ ಪರವಾನಗಿ ಇರುವ ಬಾಡಿಗೆ ಗಾಡಿ. ಬಿಳಿ ಪ್ಲೇಟಿನದು ಅಗ್ಗಕ್ಕೆ ಸಿಕ್ಕಿದರೂ ಪೊಲೀಸರು ತಡೆದರೆ ಕಷ್ಟ ನಿಮಗೇ. ಈ ನೀರನ್ನು ಗೋವಾದವರು ಮಾಂಡೋವಿ ಎನ್ನುತ್ತಾರೆ, ನಮ್ಮಲ್ಲಿ ಮಹದಾಯಿ. ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನಲ್ಲಿ ಹುಟ್ಟಿದ ಹೊಳೆ ಇಲ್ಲಿ ಇಷ್ಟು ಅಗಲವಾಗಿ, ಅರ್ಧ ಉಪ್ಪಾಗಿ ಹರಿಯುತ್ತದೆ.

ಆಚೆ ದಡದಲ್ಲಿ ರಸ್ತೆ ಗದ್ದೆಗಳ ನಡುವೆ ಏರಿಯ ಮೇಲೆ ಹೋಗುತ್ತದೆ. ಉತ್ತರ ಕನ್ನಡದವರಿಗೆ ಇದು ಪರಿಚಯದ ದೃಶ್ಯ. ಗೋವಾದವರು ಖಾಜನ್ ಎನ್ನುವುದು ಅಘನಾಶಿನಿಯ ಗಜನಿಯೇ. ಹೊಳೆಗೆ ಏರಿ ಕಟ್ಟಿ, ತೂಬಿನ ಹಲಗೆಯಿಂದ ಉಪ್ಪುನೀರು ಒಳಬರುವುದನ್ನು ಹಿಡಿತದಲ್ಲಿಟ್ಟು, ಮಳೆಗಾಲದಲ್ಲಿ ಭತ್ತ, ಉಳಿದ ತಿಂಗಳಲ್ಲಿ ಮೀನು, ಸಿಗಡಿ. ನಮ್ಮ ಕಗ್ಗ ಭತ್ತದ ಹಾಗೆ ಉಪ್ಪು ತಾಳುವ ಅವರ ಭತ್ತಕ್ಕೆ ಕೊರ್ಗುಟ್ ಎಂದು ಹೆಸರು. ಗುಡ್ಡದ ಮೇಲೆ ಪಿಯೆದಾದಿ ಇಗರ್ಜಿ, ಅದರ ಸ್ಮಶಾನದಲ್ಲಿರುವ ಪುಟ್ಟ ಚಾಪೆಲ್ ಕದಂಬರ ಕಾಲದ ದೇಗುಲದ ಉಳಿಕೆ, ಜಾಲಂಧ್ರ ಈಗಲೂ ಇದೆ. ಹಳೆಯ ಮನೆಗಳ ಕಿಟಕಿಗಳಲ್ಲಿ ಗಾಜಿನ ಬದಲು ತೆಳು ಚಿಪ್ಪಿನ ಬಿಲ್ಲೆಗಳನ್ನು ಮರದ ಚೌಕಟ್ಟಿಗೆ ಸಿಕ್ಕಿಸಿರುತ್ತಾರೆ. ಒಳಗೆ ಬರುವ ಬೆಳಕು ಹಾಲಿನ ಹಾಗೆ ಮಬ್ಬಾಗಿ, ತಂಪಾಗಿರುತ್ತದೆ. ಜನ ವಾಸವಿರುವ ಮನೆಗಳಿವು, ಕೇಳದೆ ಅಂಗಳಕ್ಕೆ ಕಾಲಿಡಬೇಡಿ.

ದಿವಾರ್‌ನಲ್ಲೇ ಇತ್ತು ಗೋವಾ ಕದಂಬರ ಮನೆದೇವರು ಸಪ್ತಕೋಟೇಶ್ವರನ ಗುಡಿ. ಕದಂಬ ಅರಸರು ನಾಣ್ಯಗಳ ಮೇಲೂ ‘ಸಪ್ತಕೋಟೀಶ್ವರ ಲಬ್ಧ ವರಪ್ರಸಾದ’ ಎಂದು ಹಾಕಿಸಿಕೊಂಡಿದ್ದರು. 16ನೇ ಶತಮಾನದಲ್ಲಿ ಗುಡಿ ನಾಶವಾಯಿತು, ಲಿಂಗವನ್ನು ಹೊಳೆ ದಾಟಿಸಿ ಆಚೆ ದಡದ ನಾರ್ವೆ ಎಂಬ ಹಳ್ಳಿಗೆ ಒಯ್ದರು. ಅಲ್ಲಿಯ ಗುಡಿಯನ್ನು 1668ರಲ್ಲಿ ಶಿವಾಜಿ ಮತ್ತೆ ಕಟ್ಟಿಸಿದ. ಜೀರ್ಣೋದ್ಧಾರವಾಗಿ 2023ರಲ್ಲಿ ತೆರೆದಿದೆ. ದ್ವೀಪದ ಇನ್ನೊಂದು ಬದಿಯ ಫೆರ್ರಿ ನಾರ್ವೆಗೇ ಹೋಗುತ್ತದೆ. ಸ್ವಂತ ಗಾಡಿ ಇರುವವರು ಬಂದ ದಾರಿಗೆ ತಿರುಗದ ಹಾಗೆ ಆ ಕಡೆಯಿಂದ ಡಿಚೋಲಿ ಮೂಲಕ ಹೊರಬೀಳಬಹುದು. ನಡೆದು ಬಂದವರು ಹಳೇ ಗೋವಾಕ್ಕೇ ಮರಳಬೇಕು.

ಮರಳಿದವರಿಗೆ ಸಂಜೆಗೆ ಉಳಿಸಿಕೊಳ್ಳಬೇಕಾದದ್ದು ಸೇಂಟ್ ಅಗಸ್ಟಿನ್ ಪಾಳು. ಬಾಮ್ ಜೀಸಸ್‌ನಿಂದ ಹತ್ತು ನಿಮಿಷದ ಏರು. 46 ಮೀಟರ್ ಎತ್ತರದ ಚಿರೆಕಲ್ಲಿನ ಗೋಪುರ, ಅರ್ಧವೇ ಉಳಿದಿದೆ. 1602ರ ಹೊತ್ತಿಗೆ ಮುಗಿದ ಇಗರ್ಜಿ. 1835ರಲ್ಲಿ ಪೋರ್ಚುಗೀಸ್ ಸರ್ಕಾರವೇ ಮಠಗಳನ್ನು ಮುಚ್ಚಿಸಿತು, ನೋಡಿಕೊಳ್ಳುವವರಿಲ್ಲದೆ 1842ರಲ್ಲಿ ಚಾವಣಿ ಕುಸಿಯಿತು, 1931ರಲ್ಲಿ ಮುಂಭಾಗ ಮತ್ತು ಗೋಪುರದ ಅರ್ಧ ಬಿತ್ತು. ಇದರ ಗಂಟೆ ಈಗ ಪಣಜಿಯ ಮೆಟ್ಟಿಲು ಸಾಲಿನ ಬಿಳಿ ಇಗರ್ಜಿಯಲ್ಲಿದೆ. ಜಾರ್ಜಿಯಾ ದೇಶದ ರಾಣಿ ಕೆಟೆವಾನ್ 1624ರಲ್ಲಿ ಪರ್ಶಿಯಾದ ಶಿರಾಜ್‌ನಲ್ಲಿ ಹತ್ಯೆಯಾದಳು, ಅಗಸ್ಟಿನಿಯನ್ ಪಾದ್ರಿಗಳು ಅವಳ ಅಸ್ಥಿಯ ಭಾಗವನ್ನು ಇಲ್ಲಿಗೆ ತಂದಿಟ್ಟರು. ಉತ್ಖನನದಲ್ಲಿ ಸಿಕ್ಕ ಮೂಳೆಯನ್ನು ಹೈದರಾಬಾದಿನ ಜೀವವಿಜ್ಞಾನ ಸಂಶೋಧನಾ ಸಂಸ್ಥೆ ಸಿಸಿಎಂಬಿ ಡಿಎನ್‌ಎ ಪರೀಕ್ಷೆ ಮಾಡಿತು, 2021ರಲ್ಲಿ ಭಾರತ ಅದರ ಒಂದು ಭಾಗವನ್ನು ಜಾರ್ಜಿಯಾಕ್ಕೆ ಕೊಟ್ಟಿತು. ಇಳಿಬಿಸಿಲಿಗೆ ಗೋಪುರ ಕೆಂಡದ ಬಣ್ಣಕ್ಕೆ ತಿರುಗುತ್ತದೆ, ಆಗ ಬನ್ನಿ. ಮಾರ್ಚಿನಿಂದ ಮೇವರೆಗೆ ಮಧ್ಯಾಹ್ನ ಈ ಬಯಲಲ್ಲಿ ನೆರಳೇ ಇಲ್ಲ, ಚಿರೆಕಲ್ಲು ಕಾದ ಹಂಚಿನಂತಿರುತ್ತದೆ. ಮಳೆಗಾಲದಲ್ಲಿ ಪಾಚಿಯ ಮೇಲೆ ಕಾಲು ನಿಲ್ಲುವುದಿಲ್ಲ, ಗೋಡೆಗಳ ಬುಡದಲ್ಲಿ ನಿಲ್ಲುವುದೂ ಕ್ಷೇಮವಲ್ಲ.

ಕೊರತೆಗಳು ಇಲ್ಲದಿಲ್ಲ. ಇಗರ್ಜಿಯಿಂದ ಇಗರ್ಜಿಗೆ ದಾರಿ ತೋರುವ ಫಲಕಗಳು ಕಡಿಮೆ, ಆದಿಲ್ ಶಾಹನ ಬಾಗಿಲಿಗಂತೂ ಕೇಳಿಕೊಂಡೇ ಹೋಗಬೇಕು. ಶೌಚಾಲಯ ಬಾಮ್ ಜೀಸಸ್ ಹತ್ತಿರವೇ ಮುಗಿಸಿಕೊಳ್ಳಿ, ದಿವಾರ್‌ನಲ್ಲಿ ಹುಡುಕುವುದು ಕಷ್ಟ. ಒಬ್ಬರಿಗೆ ಎರಡು ಲೀಟರ್ ನೀರು ಕೈಯಲ್ಲಿರಲಿ. ಗೈಡ್ ಬೇಕೆಂದರೆ ಪ್ರವಾಸೋದ್ಯಮ ಇಲಾಖೆಯ ಗುರುತಿನ ಚೀಟಿ ಇದೆಯೇ ಕೇಳಿ, ಎಷ್ಟು ಜಾಗ, ಎಷ್ಟು ಹೊತ್ತು, ಎಷ್ಟು ದುಡ್ಡು ಎಂದು ಮೊದಲೇ ಮಾತಾಡಿ. ಮ್ಯೂಸಿಯಂ ಮತ್ತು ಅರಮನೆ ಬಾಗಿಲು ಎರಡೂ ಸೇರಿರಬೇಕು ಎಂದು ಒತ್ತಿ ಹೇಳಿ, ಇಲ್ಲವಾದರೆ ಅವರದೂ ಅದೇ ಮುಕ್ಕಾಲು ಗಂಟೆಯ ಸುತ್ತು. ಊಟಕ್ಕೆ ಇಲ್ಲಿ ಹೇಳಿಕೊಳ್ಳುವಂಥದ್ದಿಲ್ಲ. ಹಸಿವು ತಡೆಯುವವರು ಪಣಜಿಗೆ ಹೋಗಿ ಮೀನು ಪದಾರ್ಥ, ಅನ್ನ, ಸೋಲ್ ಕಡಿ ತಿನ್ನಲಿ. ವಾಪಸ್ ಬಸ್ಸು ಗಾಂಧಿ ಸರ್ಕಲ್‌ನಿಂದಲೇ. ಕತ್ತಲಾದ ಮೇಲೆ ಬಸ್ಸು ತೆಳ್ಳಗಾಗುತ್ತವೆ, ಏಳರೊಳಗೆ ಸರ್ಕಲ್ಲಿಗೆ ಬಂದು ನಿಂತಿರಿ.